ಕಾಯಿಸಿಟ್ಟ ಕತ್ತಲು

ಎಂಟು ವಾರ.
ಬಾಯಿಬಿಟ್ಟು ಅಂದರೆ ಎಲ್ಲಿ ಒಂದು ದಿನ ಕಡಿಮೆಯಾದೀತೋ ಎಂದು
ಯಾರೂ ಅನ್ನುತ್ತಿಲ್ಲ.

ಬಂದ ದಿನ ಪೆಟ್ಟಿಗೆಗಳು ಪಡಸಾಲೆಯಲ್ಲೇ ನಿಂತಿದ್ದವು
ಮುಂದಿನ ಬಸ್ಸಿಗೆ ಕಾದವರ ಹಾಗೆ.
ಹೋಕೂನ್ ಎರಡು ಸಲ ಬೂಟು ಹಾಕಿದ, ಎರಡು ಸಲ ಬಿಚ್ಚಿದ.
ನಾನು ಸಮುದ್ರಕ್ಕೆ ಎದುರಾಗಿ ನಿಂತು
ಹಾಮರ್‌ಫೆಸ್ಟಿನ ಅಡುಗೆಮನೆಯಲ್ಲಿ
ಒಲೆ ಆರಿಸಿದೆನೋ ಇಲ್ಲವೋ ಎಂದು ಯೋಚಿಸಿದೆ.
ಸಮುದ್ರ ಸುಮ್ಮನಿತ್ತು. ಅದಕ್ಕೆ ನಮ್ಮಂಥವರು ಹೊಸಬರಲ್ಲ.

ಮನೆಯೊಡತಿ ಸ್ಟಮಾಟಿಯ
ತಟ್ಟೆ ತುಂಬ ಜರ್ದಾಳು ತಂದಿಟ್ಟಳು.
ಬೀಗದಕೈ ಕೊಟ್ಟಳು,
ಬೀಗ ಹಾಕುವುದೇನೂ ಬೇಡ ಎಂದು ಕೈಯಲ್ಲೇ ಹೇಳಿದಳು.
ಅವಳಿಗೂ ನಮಗೂ ಕೂಡಿ ಇದ್ದ ಮಾತು ಒಟ್ಟು ಹನ್ನೊಂದು,
ಅದರಲ್ಲಿ ಮೂರು ಮೀನಿನ ಹೆಸರು.
ಅಂಗಳದ ಹಿಪ್ಪುನೇರಳೆ ಮರ ತೋರಿಸಿ
ನನ್ನ ಬಿಳಿ ಚಪ್ಪಲಿ ತೋರಿಸಿ
ಅವಳು ಯಾಕೆ ನಕ್ಕಳೆಂದು
ಸಂಜೆಯೊಳಗೆ ಚಪ್ಪಲಿಗೇ ತಿಳಿಯಿತು.

ಮಾರನೆಯ ಮಧ್ಯಾಹ್ನ ಊರೇ ಕದವಿಕ್ಕಿ ಮಲಗಿತು,
ಅಂಗಡಿ, ಅಂಚೆ, ಬೆಕ್ಕು, ಬಂದರಿನ ಪೊಲೀಸ್.
ಎಚ್ಚರವಿದ್ದದ್ದು ಜೀರುಂಡೆಗಳು
ಮತ್ತು ನಾವು, ಉತ್ತರದವರು,
ಬಿಸಿಲು ಬಿತ್ತೆಂದರೆ ಕೈಲಿದ್ದುದನ್ನು ಬಿಟ್ಟು
ಹೊರಗೋಡಬೇಕೆಂದು ತೊಟ್ಟಿಲಲ್ಲೇ ಕಲಿತವರು.
ಬಿಸಿಲನ್ನು ಹೀಗೆ ಪೋಲು ಮಾಡುವ ಜನರನ್ನು
ನೋಡಿರಲೇ ಇಲ್ಲ ನಾನು!
ಕಿಟಕಿಯ ಹಲಗೆ ಎಳೆಯುವಾಗ
ಅಜ್ಜಿಯ ಡಬ್ಬಿಯಿಂದ ಕಾಸು ಕದ್ದಷ್ಟು ಅಳುಕು.
ಆಮೇಲೆ ನಿದ್ದೆ,
ಹಗ್ಗ ಜಾರಿ ಬಾವಿಗೆ ಬಿದ್ದ ಕೊಡದ ಹಾಗೆ.

ಆದರೆ ನಾನು ಹೇಳಹೊರಟದ್ದು ಆ ರಾತ್ರಿಯ ಮಾತು.

ನಮ್ಮಲ್ಲಿ ಈ ತಿಂಗಳು ಸೂರ್ಯ ಮುಳುಗುವುದಿಲ್ಲ.
ಮಕ್ಕಳನ್ನು ಮಲಗಿಸಲು ಕಿಟಕಿಗೆ ಕಪ್ಪು ಬಟ್ಟೆ ಬಿಗಿದು
ಮನೆಮಟ್ಟಿಗೊಂದು ರಾತ್ರಿ ಹೊಲಿದುಕೊಳ್ಳುತ್ತೇವೆ.
ಇಲ್ಲಿ ಯಾರೂ ಹೊಲಿಯದೆ ತಾನೇ ಬಂತು:
ಮೊದಲು ಎದುರು ಗುಡ್ಡದ ಬೆನ್ನಿಗೆ,
ಆಮೇಲೆ ದೋಣಿಗಳಿಗೆ,
ಕೊನೆಗೆ ನಮ್ಮ ತಟ್ಟೆಗಳಿಗೆ.
ಊಟದ ನಡುವೆ ಸಿಂದ್ರೆ ಎದ್ದು ಒಳಗೆ ಹೋದ.
ತಿರುಗಿ ಬಂದಾಗ
ತಲೆಗೆ ಉಣ್ಣೆಯ ಟೋಪಿ, ಕೈಗೆ ಗವಸು.
ಆರು ವರ್ಷದ ಅವನ ಲೆಕ್ಕದಲ್ಲಿ
ಕತ್ತಲೆಂದರೆ ಚಳಿ. ಎರಡಕ್ಕೂ ಒಂದೇ ಬಾಗಿಲು.

ಹೋಕೂನ್ ನಗಲು ಹೋಗಿ ನೀರು ಕುಡಿದ.
ತೆಗೆ ಎಂದು ನಾನೂ ಅನ್ನಲಿಲ್ಲ.
ಮಗು ಮೆಟ್ಟಿಲ ಮೇಲೆ ಕೂತು ಚಳಿಗೆ ಕಾಯಿತು.
ಬರುತ್ತದೆ, ಯಾವಾಗಲೂ ಬಂದಿದೆ.
ಬಂದದ್ದು ಬೆವರು.
ಒಂದು ಗವಸು ಕಳಚಿ
ಹಂಡೆಯ ನೀರು ಕಾದಿದೆಯೇ ಎಂದು ನೋಡುವ ಹಾಗೆ
ಬೆರಳ ತುದಿಯಿಂದ ಗಾಳಿಯನ್ನು ಮುಟ್ಟಿದ.
ಇನ್ನೊಂದನ್ನೂ ಕಳಚಿದ.
"ಅಮ್ಮಾ,
ಇವರು ಕತ್ತಲನ್ನು ಕಾಯಿಸಿಟ್ಟಿದ್ದಾರೆ."

ಅಷ್ಟರಲ್ಲಿ ಸ್ಟಮಾಟಿಯ ಬಂದಳು.
ಟೋಪಿ ಕಂಡವಳೇ ಎದೆಗೆ ಕೈಯಿಟ್ಟು
ಜ್ವರವೆಂದುಕೊಂಡು ಅವನ ಹಣೆ ಹಿಡಿದು
ಒಳಗೋಡಿ, ಯಾವುದೋ ಬೆಟ್ಟದ ಸೊಪ್ಪು ಕುದಿಸಿ ತಂದಳು.
ಹನ್ನೊಂದು ಮಾತಿನಲ್ಲಿ
ಇದನ್ನು ಬಿಡಿಸಿ ಹೇಳುವುದು ಹೇಗೆ?
ಸಿಂದ್ರೆ ಕುಡಿದ. ಕಹಿಗೆ ಮುಖ ಕಿವುಚಿ, ಪೂರ್ತಿ ಕುಡಿದ.
ಗುಣವಾಯಿತೆಂದು ಅವಳು ಅವನ ಬೆನ್ನು ತಟ್ಟಿದಳು.
ಹೌದೆಂದು ನಾವೆಲ್ಲ ತಲೆಯಾಡಿಸಿದೆವು.

ಇಂದು ನಾಲ್ಕನೆಯದೋ ಐದನೆಯದೋ ದಿನ.
ಪೆಟ್ಟಿಗೆಗಳು ಮಂಚದ ಕೆಳಗಿವೆ. ಬೂಟು ಎಲ್ಲಿದೆಯೋ.
ಟೋಪಿಯೊಳಗೆ ಬೆಕ್ಕಿನ ಕಂದು ಮರಿ ಮಲಗುತ್ತದೆ.
ಸಂಜೆಯಾದರೆ ಮಗ ದೀಪ ಹಾಕಗೊಡುವುದಿಲ್ಲ.
ಮೆಟ್ಟಿಲ ಮೇಲೆ, ಬರಿಯ ಚಡ್ಡಿಯಲ್ಲಿ,
ಎರಡೂ ಅಂಗೈ ಮುಂದೆ ಚಾಚಿ ಕೂತಿರುತ್ತಾನೆ,
ಬಡಿಸುವವರು ತನ್ನ ಸಾಲಿಗೆ ಬರಲೆಂದು.

ಒಲೆ ಆರಿಸಿದ್ದೆ.
ಆರಿಸಿರಬೇಕು.