ಹತ್ತು ಅಂಕ, ನೂರೈವತ್ತು ಪದ

ತೋಡೂರು ಕಾಲನಿಯ ಹಿಂದಿನ ಕೋಣೆ.
ಫ್ಯಾನು ಹಾಕಿದರೆ ಗೋಡೆಯ ಭಾರತ ಏಳುತ್ತದೆ,
ಪಶ್ಚಿಮದ ಅಂಚು ಮೊದಲು.
ಅಲ್ಲಿ ಯಾವ ಅಂಟೂ ನಿಲ್ಲುವುದಿಲ್ಲ.
ಕಡಲು ಇಲ್ಲಿಗೆ ಕೇಳಿಸದು, ಉಪ್ಪು ಮಾತ್ರ ಬರುತ್ತದೆ.

ಮೊಬೈಲಿನಲ್ಲಿ ಏಳು ನಿಮಿಷ ಇಟ್ಟಿದ್ದೇನೆ.
ಕರಾವಳಿ ಭದ್ರತೆಯಲ್ಲಿ ಮೀನುಗಾರ ಸಮುದಾಯದ ಪಾತ್ರವನ್ನು
ವಿಮರ್ಶಾತ್ಮಕವಾಗಿ ಪರಿಶೀಲಿಸಿ.
ಮೂರನೆಯ ಸಲ ಇದೇ ಪ್ರಶ್ನೆ.

ಮೊದಲ ಸಲ ಬರೆದಿದ್ದೆ: ಮೀನುಗಾರರು ದೇಶದ ಕಣ್ಣು ಮತ್ತು ಕಿವಿ.
ಬೆಂಗಳೂರಿನ ಕೋಚಿಂಗಿನಲ್ಲಿ ಯಾರೋ ತಿದ್ದಿದರು.
ಮೂರೂವರೆ. ಬದಿಗೆ ಕೆಂಪು ಶಾಯಿ: ಉದಾಹರಣೆ ಕೊಡಿ.

ಉದಾಹರಣೆ ಜಗಲಿಯಲ್ಲೇ ಇತ್ತು.
ಬಲೆಯ ಮೇಲೆ ಕಾಲು ಚಾಚಿ
ಹಲ್ಲಿನಲ್ಲಿ ನೈಲಾನು ಕಡಿಯುತ್ತಿತ್ತು:
ಚಂದ್ರಹಾಸ ತಾಂಡೇಲ, ಅಪ್ಪನ ತಮ್ಮ.

ಒಂದು ನಸುಕಿನಲ್ಲಿ ಗುರುತಿಲ್ಲದ ಬೋಟು ಕಂಡು
ಇವನೇ ಫೋನು ಮಾಡಿದ, ಹೇಳಿಕೊಟ್ಟ ನಂಬರಿಗೆ.
ಅವರು ಬಂದರು. ಆ ಬೋಟು ಅಷ್ಟರಲ್ಲಿ ಇರಲಿಲ್ಲ.
ಇವನಿದ್ದ.
ಕಣ್ಣಿಗೆ ಗುರುತಿನ ಚೀಟಿ ಕೇಳಿದರು.
ಕಾರ್ಡು ಹಿಂದಿನ ವಾರ ನೀರಿಗೆ ಬಿದ್ದಿತ್ತು,
ಬೆರಳಿನ ಗೆರೆಗಳನ್ನು ಹಗ್ಗ ಯಾವತ್ತೋ ತಿಂದಿತ್ತು,
ಯಂತ್ರದ ಲೆಕ್ಕದಲ್ಲಿ ಅವನು ಯಾರೂ ಅಲ್ಲ.
ಸಂಜೆವರೆಗೆ ಕೂರಿಸಿಕೊಂಡ ಹುಡುಗ ಒಳ್ಳೆಯವನು, ಬಿಹಾರದವನಂತೆ,
ಡಬ್ಬಿಯ ಚಪಾತಿ ಅರ್ಧ ಕೊಟ್ಟು ಕೇಳಿದನಂತೆ,
ಈ ವಾಂತಿ ಎಷ್ಟು ದಿನಕ್ಕೆ ನಿಲ್ಲುತ್ತದೆ, ಕಾಕಾ?

ಎಲ್ಲ ಬರೆದೆ. ಇನ್ನೂರ ಹನ್ನೆರಡು ಪದ.
ಚಪಾತಿ ಕತ್ತರಿಸಿದೆ, ವಾಂತಿ ಕತ್ತರಿಸಿದೆ,
ಕೊನೆಗೆ ಹೆಸರನ್ನೂ. ‘ಓರ್ವ ಮೀನುಗಾರ’ ಅಂದೆ.
ನಾಲ್ಕು ಅಂಕ ಬಂತು.
ವೈಯಕ್ತಿಕ ಬೇಡ. ಯಾವ ಸಮಿತಿ? ಯಾವ ವರದಿ?

ಎಷ್ಟು ಬಿತ್ತು, ಕೇಳಿದ ಕಾಕಾ,
ಬೈತಕೋಲದ ಧಕ್ಕೆಯಲ್ಲಿ ಕೇಳುವ ಹಾಗೆ.
ನಿನ್ನಿಂದ ಅರ್ಧ, ಅಂದೆ.
ಹರಾಜು ಕೂಗುವವ ಮೀನು ನೋಡಿದ್ದಾನಾ?
ಫ್ರಿಜ್ಜಿನಲ್ಲಿ ನೋಡಿರಬೇಕು.
ನಕ್ಕ. ಮತ್ತೆ ನೈಲಾನು ಕಡಿದ.

ಪಠ್ಯಕ್ರಮದಲ್ಲಿ ತಾರ್ಲೆ ಪರಿಸರಕ್ಕೆ ಸೇರಿದ್ದು,
ಡೀಸೆಲು ಅರ್ಥವ್ಯವಸ್ಥೆಗೆ, ಕಾಕಾ ಆಂತರಿಕ ಭದ್ರತೆಗೆ.
ಮೂರಕ್ಕೂ ಬೇರೆ ಬೇರೆ ಬಣ್ಣದ ಫೈಲು ತಂದಿದ್ದೇನೆ.
ಆಯಿ ಅವುಗಳ ಮೇಲೆ ಬುಟ್ಟಿ ಇಳಿಸಿ ಹೇಳುತ್ತಾಳೆ,
ಐಸು ತುಟ್ಟಿ ಆದ್ರೆ ಮೀನು ಅಗ್ಗ ಆಗ್ತದೆ, ಬರ್ಕೋ.
ತಿರುಗಾಮುರುಗಾ ಅನಿಸಿತು. ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ.
ರಾತ್ರಿ ಮಲಗಿದಾಗ ಹೊಳೆಯಿತು:
ಐಸು ಕೊಳ್ಳಲಾಗದವಳು
ಕತ್ತಲಾಗುವ ಮೊದಲು ಮಾರಲೇಬೇಕು.

ನಾಲ್ಕು ನಿಮಿಷ ಹೋಯಿತು.
ಸಮಿತಿ ಬರೆದೆ, ವರದಿ ಬರೆದೆ, ಬಾಣದ ಗುರುತು ಹಾಕಿ
ಒಂದು ಅಂದದ ಚಿತ್ರವನ್ನೂ ಬಿಡಿಸಿದೆ.
ಕರಾವಳಿಯ ರೇಖೆ ಎಳೆವಾಗ ಅರ್ಗಾದ ಹತ್ತಿರ ಪೆನ್ನು ನಿಂತಿತು.
ನಾನು ಹುಟ್ಟುವ ಮೊದಲೇ ಬಿಟ್ಟ ಮನೆ.
ಅದರ ಬಾವಿ ಈಗ ನೌಕಾನೆಲೆಯ ಗೋಡೆಯೊಳಗಿದೆ,
ಸಿಹಿನೀರು, ಎನ್ನುತ್ತಾಳೆ ಆಯಿ, ಕಡಲಿಗೆ ಇಷ್ಟು ಹತ್ತಿರ ಇದ್ದೂ.
ಯಾವ ನಕ್ಷೆಯಲ್ಲೂ ಇಲ್ಲ. ಇರಲೂ ಬಾರದು.
ಯಾಕೆ ಬಾರದು ಅನ್ನುವುದಕ್ಕೆ
ನಾನೇ ಈಗ ಹತ್ತು ಅಂಕದ ಉತ್ತರ ಬರೆಯಬಲ್ಲೆ,
ಅದರಲ್ಲಿ ಸುಳ್ಳು ಒಂದೂ ಇರುವುದಿಲ್ಲ.

ಕೊನೆಯಲ್ಲಿ ‘ಮುಂದಿನ ದಾರಿ’ ಬರೆಯಲೇಬೇಕು,
ಅದಕ್ಕೊಂದು ಅಂಕ ಇರುತ್ತದಂತೆ.
ಶೀರ್ಷಿಕೆ ಬರೆದು ಅಡಿಗೆರೆ ಎಳೆದೆ.
ಆಗಸ್ಟ್ ಒಂದಕ್ಕೆ ಅವನ ಕಡಲು ತೆರೆಯುತ್ತದೆ,
ಅದೇ ತಿಂಗಳು ನನ್ನ ಪರೀಕ್ಷೆ.

ಜಗಲಿಯಿಂದ ಕಾಕಾ ಕರೆದ,
ಈ ತುದಿ ಸ್ವಲ್ಪ ಹಿಡಿ, ಗಂಟು ಜಾರ್ತದೆ.

ಹಿಡಿದಿದ್ದೇನೆ.
ಒಳಗೆ ಮೊಬೈಲು ಕೂಗಿಕೊಳ್ಳುತ್ತಿದೆ.