ಕೆಂಪು, ಕಾರಣ ತಿಳಿದಿಲ್ಲ

ವಿಲಿಸ್ ಬಿಟ್ಟುಹೋದದ್ದು ಒಂದೇ ಕಡತ:
ಸಾವಿರದ ನೂರ ಹನ್ನೆರಡು ಪುಟ, ಅಷ್ಟೂ ಸೇಬು.
ಕಂದವಾದ ನರ್ಸರಿಯಲ್ಲಿ ನಲವತ್ತು ವರ್ಷ
ಕಸಿ ಕಟ್ಟಿದ ಕೈ, ವರ್ಡಿನಲ್ಲಿ
ಎರಡೇ ಬೆರಳಿಂದ ಟೈಪು ಮಾಡಿದ್ದು.
ಸಾಲು ಒಳಸರಿಯಬೇಕಾದಲ್ಲಿ ಸ್ಪೇಸ್ ಒತ್ತಿದ್ದಾರೆ,
ಎಣಿಸಿ ಹದಿನಾಲ್ಕು ಸಲ.
ಹೊಸ ಪುಟ ಬೇಕೆಂದರೆ ಎಂಟರ್, ಎಂಟರ್, ಎಂಟರ್,
ಏಣಿ ಇಳಿಯುವವರ ಹಾಗೆ, ತಳ ಮುಟ್ಟುವವರೆಗೆ.

ನನಗೆ ಕೊಟ್ಟ ಕೆಲಸ: ಇದನ್ನು ಎಕ್ಸ್‌ಎಂಎಲ್ ಮಾಡು.
ಒಂದೇ ಬುಡದ ಮೇಲೆ ಮೂರು ಕಸಿ ಚಿಗುರಬೇಕು:
ಅಚ್ಚಿನ ಪುಸ್ತಕ, ತೋಟದಲ್ಲಿ ನಿಂತು ನೋಡಲು ಫೋನು,
ಕಣ್ಣು ಕಾಣದವರಿಗೆ ಓದಿ ಹೇಳುವ ದನಿ.
ದನಿಗೆ ಓರೆ ಅಕ್ಷರ ಗೊತ್ತಿಲ್ಲ.
ಓರೆಯಾಗಿ ಏಕೆ ನಿಂತಿದೆ ಎಂದು ಹೇಳಬೇಕು ಅದಕ್ಕೆ.

ಹಾಗಾಗಿ ಕೇಳುತ್ತ ಕೂತೆ, ಒಂದೊಂದನ್ನೇ:
ನೀನು ವಾಲಿರುವುದು ಲ್ಯಾಟಿನ್ ಎಂದೋ,
ಜರ್ಮನ್ ಜಮೀನ್ದಾರರ ಕಾಲದ ಹೆಸರೆಂದೋ,
ಅಥವಾ ಆ ಮರ ಈಗ ಎಲ್ಲೂ ಇಲ್ಲವೆಂದೋ?
ಮೂರಕ್ಕೂ ಒಂದೇ ಓರೆ. ಪುಟದ ಮೇಲೆ
ಸತ್ತ ಮರವೂ ಶಾಸ್ತ್ರದ ಹೆಸರೂ ಅವಳಿ-ಜವಳಿ.
ಎರಡು ಕೊಕ್ಕುಗಳ ನಡುವೆ ಸಿಕ್ಕಿಸಿ ಬೇರೆ ಮಾಡಿದೆ.
‘ಗಾಜುಹಳದಿ’: ತಳಿ.
‘ಪಾದ್ರಿಮೂಗು’: ತಳಿ, ಅಳಿದಿದೆ, ಐವತ್ತಾರರ ಚಳಿಗೆ.
ದಪ್ಪ ಅಕ್ಷರದಲ್ಲಿ ‘ಹುಳಿ’: ಇದು ರುಚಿ.
ದಪ್ಪ ಅಕ್ಷರದಲ್ಲಿ ‘ಕದಿಯುತ್ತಾರೆ’: ಇದಕ್ಕೆ
ಸ್ಕೀಮಾದಲ್ಲಿ ಜಾಗವಿಲ್ಲ; ಟಿಪ್ಪಣಿಗೆ ಹಾಕಿದೆ.

ತೆರೆದದ್ದನ್ನೆಲ್ಲ ಮುಚ್ಚಬೇಕು, ಒಳಗಿನದು ಮೊದಲು,
ಹೊರಗಿನದು ಆಮೇಲೆ. ಒಂದು ಮರೆತರೆ
ಇಡೀ ತೋಟ ಬಾಗಿಲು ಹಾಕಿಕೊಳ್ಳುತ್ತದೆ:
ದೋಷ, ಸಾಲು ಒಂಬತ್ತು ಸಾವಿರದ ಏಳು.

ಮಾರ್ಚ್ ಕಳೆಯಿತು. ಅಷ್ಟರಲ್ಲಿ ಈ ಕೆಂಪು.
ನಲವತ್ತೊಂದು ಕಡೆ, ಒಂದೊಂದೇ ಪದ.
ಪಟ್ಟಿ ಮಾಡಿದೆ. ತಡವಾಗಿ ಮಾಗುವವೇ? ಅಲ್ಲ.
ರೋಗ ಬೀಳುವವೇ? ಎರಡು ಹೌದು, ಉಳಿದವು ಅಲ್ಲ.
ಒಂದು ಕಡೆ ‘ಮತ್ತು’ ಎಂಬುದಷ್ಟೇ ಕೆಂಪು.
‘ಮತ್ತು’ವಿಗೆ ಏನು ಗುಟ್ಟಿರುತ್ತದೆ?

ಸ್ಕೈದ್ರೀತೆಗೆ ಫೋನು ಮಾಡಿದೆ, ಮೂವತ್ತು ವರ್ಷ
ಅವರ ಬುಟ್ಟಿ ಹಿಡಿದವಳು. ಕೆಮ್ಮಿದಳು, ನಕ್ಕಳು.
“ಕೆಂಪೇ? ಉಂದೀನೆ, ಆತನಿಗೆ ಕೆಂಪು ಹಸಿರು
ಎರಡೂ ಒಂದೇ ಮಣ್ಣುಬಣ್ಣ, ಹುಟ್ಟಿದಾಗಿನಿಂದ.
ಹಣ್ಣೋ ಕಾಯೋ ಅಂತ ಹೆಬ್ಬೆರಳಿಂದ ಒತ್ತಿ,
ತೊಟ್ಟಿನ ಹತ್ತಿರ ಮೂಸಿ ಹೇಳುತ್ತಿದ್ದ.
ಮೌಸು ಎಲ್ಲೋ ತಾಗಿರಬೇಕು. ತೆಗೆದುಹಾಕು.”

ತೆಗೆಯಲು ಒಂದು ಆಜ್ಞೆ ಸಾಕು. ಬೆರಳು ಕೀಲಿಯ ಮೇಲೆ.
ಒಂದು ಸಲ ತಾಗಬಹುದು. ನಲವತ್ತೊಂದು ಸಲ?
ಕಂದು ಅಂದುಕೊಂಡು ಕೊಟ್ಟ ಬಣ್ಣವೇ ಇರಬಹುದು,
ಕಂದು ಅಂದರೆ ಏನೋ ಇದ್ದಿರಬಹುದು.

ಕೊನೆಗೆ ಹೀಗೆ ಬರೆದೆ:
ಬಣ್ಣ, ಕೆಂಪು; ಕಾರಣ, ತಿಳಿದಿಲ್ಲ.
ನಲವತ್ತೊಂದು ಸಲ. ‘ಮತ್ತು’ವಿಗೂ.

ಶುಕ್ರವಾರ ಮೂರೂ ಚಿಗುರಿದವು.
ಅಚ್ಚಿನಲ್ಲಿ ಕೆಂಪಿಲ್ಲ. ಫೋನಿನಲ್ಲಿಲ್ಲ.
ದನಿ ಆ ಪದಗಳ ಮೇಲೆ ನಿಲ್ಲದೆ ಹಾದುಹೋಯಿತು.
ಕಡತದೊಳಗೆ ಮಾತ್ರ ಇದೆ,
ತೊಟ್ಟಿನ ಹತ್ತಿರದ ವಾಸನೆಯ ಹಾಗೆ.