ಎಡಗಾಲಿನ ಬೂಟು

ಹಗಲೆಲ್ಲ ನಾನು ಹಲ್ಲು ಮಾಡುತ್ತೇನೆ
ರಾಸ್ತಾ ಪೇಟೆಯ ಎರಡನೆಯ ಮಹಡಿಯಲ್ಲಿ.
ಗುಲಾಬಿ ಮೇಣದ ವಸಡು, ಅದರ ಮೇಲೆ ಸಾಲಾಗಿ
ಯಾರೋ ನಾಳೆ ಕಡಿಯಲಿರುವ ಭಾಕ್ರಿ.

ಏಳಕ್ಕೆ ಡಾಕ್ಟರು ಸ್ಕೂಟರು ಹತ್ತಿದ ಮೇಲೆ
ಅದೇ ದೀಪ, ಅದೇ ಕೊಕ್ಕೆ, ಅದೇ ಸಣ್ಣ ಕರಣೆ.
ಎಪಾಕ್ಸಿಯ ಎರಡು ಉಂಡೆ, ಒಂದು ಹಳದಿ ಒಂದು ನೀಲಿ,
ನಾದಿದರೆ ಹಸಿರು. ಗಟ್ಟಿಯಾಗಲು ಒಂದೂವರೆ ತಾಸು.
ಅಷ್ಟರೊಳಗೆ ತಂತಿಯ ಎಲುಬಿಗೆ ಮೈ ಹತ್ತಬೇಕು,
ಮೊಣಕೈ ಬಳಿ ಅಂಗಿ ಸುಕ್ಕಾಗಬೇಕು.

ಎತ್ತರ ಎರಡಂಗುಲ. ತಲೆ ಬಟಾಣಿ ಕಾಳು.
ಕಣ್ಣು ಕೊರೆಯುವುದಿಲ್ಲ ನಾನು;
ಹುಬ್ಬಿನ ಕೆಳಗೆ ನೆರಳಿಗೆ ಜಾಗ ಬಿಡುತ್ತೇನೆ,
ನೋಡುವವರೇ ನೋಟ ತರಲಿ.

ಚಿಕ್ಕಂದಿನಲ್ಲಿ ದೀಪಾವಳಿಗೆ ಅಣ್ಣಂದಿರು
ವಾಡೆಯ ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಿದ್ದರು.
ಕುಂಬಾರವಾಡೆಯಿಂದ ತಂದ ಮಾವಳೆಯರಲ್ಲಿ
ಕೈ ಮುರಿದವರು ನನ್ನ ಪಾಲು.
ಗೋಧಿ ಹಿಟ್ಟಿನಲ್ಲಿ ಕೈ ಮಾಡಿ ಅಂಟಿಸಿದೆ.
ಬೆಳಗಾಗುವುದರೊಳಗೆ ಇರುವೆಗಳು
ಬರೀ ಕೈಗಳನ್ನು ತಿಂದು ಹೋಗಿದ್ದವು.

ಈಗ ಕಪಾಟಿನಲ್ಲಿ ಇಪ್ಪತ್ಮೂರು ಜನ.
ಹಳೆಯ ಫೋಟೋ ನೋಡಿ ಗುಂಡಿ ಎಣಿಸಿ ಕೂರಿಸಿದ್ದೇನೆ,
ಕಾಲಿನ ಪಟ್ಟಿ ಯಾವ ಕಡೆಯಿಂದ ಸುತ್ತಬೇಕು
ಎಂಬುದಕ್ಕೇ ಒಂದು ವಾರ ಹೋಯಿತು.

ಮೇಲಿನ ಸಾಲಿನ ಅಳತೆಗೆ ಬಂದಿದ್ದ
ಹವಾಲ್ದಾರ ಧೋಂಡಿರಾಮ ಖಾಡೆ, ನಿಪ್ಪಾಣಿ ಕಡೆಯವರು,
ಕೇಳದೆ ಒಬ್ಬನನ್ನು ಎತ್ತಿಕೊಂಡರು.
ಅಂಗೈ ಮೇಲೆ ನಿಲ್ಲಿಸಿ, ತಿರುಗಿಸಿ,
‘ಇಂವ ಎಂದೂ ನಡದಿಲ್ಲವ್ವಾ’ ಎಂದರು.
‘ನಡದಾಂವನ ಎಡಗಡೆ ಹೆಗಲ ಇಳದಿರತೈತಿ.
ಇಂವ ಫರೇಡಿಗೇ ಹುಟ್ಟಿದಾಂವ.’
ಹಲ್ಲಿಲ್ಲದ ಬಾಯಲ್ಲಿ ಪರೇಡು ಫರೇಡಾಗಿತ್ತು.
ನನಗೆ ಸಿಟ್ಟು ಬಂತು, ನಗುವೂ ಬಂತು.
ಏಳು ಗುಂಡಿ! ಒಂದನ್ನಾದರೂ ನೋಡಲಿಲ್ಲ.

ಎರಡನೆಯ ಸಲ ಬಂದಾಗ ಮೂಲೆಯ ಕಸಬರಿಗೆ ಹಿಡಿದು
ನಿಂತಲ್ಲೇ ಹೇಗೆ ನಿದ್ದೆ ಮಾಡುವುದೆಂದು ತೋರಿಸಿದರು.
ಕಾಂಪೌಂಡರ್ ಹುಡುಗ ಕಿಸಕ್ಕೆಂದ.
ಅವರು ಕಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತು.

ಮೂರನೆಯ ಸಲ ಕೇಳಿಯೇ ಬಿಟ್ಟೆ,
ಯುದ್ಧದಲ್ಲಿದ್ದಿರಾ?
ಬಾಯೊಳಗೆ ಬೆರಳಿಟ್ಟು, ‘ಇಲ್ಲಿ ಒತ್ತತೈತಿ’ ಎಂದರು.
ಅರ್ಧ ಮಿಲಿಮೀಟರು ಉಜ್ಜಿ ಕೊಟ್ಟೆ.
ಪ್ಲಾಸ್ಟರಿನ ಅಚ್ಚು ನನ್ನ ಮೇಜಿನ ಮೇಲೇ ಇತ್ತು:
ಕೆಳಗಿನ ಎಂಟು ಹಲ್ಲು, ಎಲ್ಲವೂ ಚಪ್ಪಟೆ,
ರಾತ್ರಿಯೆಲ್ಲ ಯಾರೋ ಬೀಸಿದ ಹಾಗೆ.

ಆ ವಾರ ಅರೆಬರೆಯಾಗಿದ್ದವನ ಸೊಂಟ ಕತ್ತರಿಸಿದೆ.
ತಂತಿ ಬಗ್ಗಿಸಿ ಕಲ್ಲಿನ ಮೇಲೆ ಕೂರಿಸಿದೆ.
ಬಂದೂಕು ತೆಗೆದೆ, ಅದರ ತೂಕ ಹೆಗಲಿನಲ್ಲಿ ಉಳಿಸಿದೆ.
ಎಡಗಾಲಿನ ಬೂಟು ಕಳಚಿ ಕೈಗೆ ಕೊಟ್ಟೆ;
ಬೋರಲು ಹಾಕಿ ಕೊಡವುತ್ತಿದ್ದಾನೆ,
ಕೆಳಗೆ ಒಂದು ಮರಳಿನ ಹರಳು.
ಕಾಲ್ಚೀಲದ ಉಣ್ಣೆಗೆ ಸೂಜಿಯ ತುದಿಯಿಂದ
ನಾನೂರೋ ಐನೂರೋ ಚುಕ್ಕಿ. ಎಣಿಸಲಿಲ್ಲ ಈ ಸಲ.

ಕೊನೆಯ ದಿನ ಅವರು ಹಲ್ಲು ಹಾಕಿಕೊಂಡು
ಕನ್ನಡಿಗೆ ಟಕ್ ಟಕ್ ಎನಿಸಿ ತೋರಿಸಿದರು.
ನಾನು ಉಗುಳುವ ಲೋಟದ ಪಕ್ಕದಲ್ಲಿ
ಅವನನ್ನು ಇಟ್ಟೆ. ಏನೂ ಹೇಳಲಿಲ್ಲ.
ಕನ್ನಡಕ ಹುಡುಕಿದರು, ಒರೆಸಿದರು, ಬಗ್ಗಿದರು.
ಪವರ್ ಹೌಸ್ ಚೌಕದಲ್ಲಿ ಬಸ್ಸೊಂದು
ಸಿಕ್ಕಿಬಿದ್ದು ಒದರುತ್ತಲೇ ಇತ್ತು.

‘ಕಾಲಚೀಲಕ್ಕ ತೂತ ಇಲ್ಲಲ್ಲ?’

ಎಪಾಕ್ಸಿ ಕಲ್ಲಾಗಿ ಎರಡು ದಿನ, ಸೂಜಿ ಇಳಿಯದು.
ಹುಳುಕು ಕೊರೆಯುವ ಡ್ರಿಲ್ಲಿಗೆ
ಇದ್ದುದರಲ್ಲೇ ಸಣ್ಣ ಬಿಟ್ಟು ಸಿಕ್ಕಿಸಿದೆ.
ಅವರು ಎದ್ದು ಬಂದು
ತಾವೇ ದೀಪ ಬಗ್ಗಿಸಿ ಹಿಡಿದರು.

‘ಹೆಬ್ಬಟ್ಟಿನ ಕಡೆ,’ ಎಂದರು,
‘ಇನ್ನ ತುಸು ಒಳಗ.’